ಚಿಟಿಕೆ ಉಪ್ಪು, ಹಿಡಿ ಬೆಲ್ಲ

ವಾಂತಿಭೇದಿಯಾದ ಮಗುವಿಗೆ ಗಂಜಿಯ ತಿಳಿಗೆ ಉಪ್ಪು ಬೆರೆಸಿ ಕುಡಿಸುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹಾಗೆಂದು ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಂಡರೆ ಸಾಲದು. ಗೊತ್ತಿರುವುದನ್ನು ಅಳೆದು ತೋರಿಸಲು ಪ್ರಯೋಗಾಲಯ ಬೇಕು, ಅದಕ್ಕೆ ಹಣ ಕೊಡುವವರು ಬೇಕು.

1953ರಲ್ಲಿ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿಯವರು 186 ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿದ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಗಮನಿಸಲಿಲ್ಲ. ಹೋಲಿಸಿ ನೋಡಲು ಇನ್ನೊಂದು ರೋಗಿಗಳ ಗುಂಪಿರಲಿಲ್ಲ. ದೇಹದಿಂದ ಹೋದ ನೀರೆಷ್ಟು, ಒಳಸೇರಿದ್ದೆಷ್ಟು ಎಂಬ ಲೆಕ್ಕವಿರಲಿಲ್ಲ. ಆ ಲೆಕ್ಕ ಇಡುವ ಅನುಕೂಲ ಆಗ ಎಷ್ಟು ಆಸ್ಪತ್ರೆಗಳಲ್ಲಿತ್ತು?

1960ರಲ್ಲಿ ಎರಡು ಘಟನೆಗಳಾದವು. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಕೈ ಹಿಡಿದುಕೊಂಡು ಒಳಗೆ ಹೋಗುತ್ತವೆ ಎಂದು ರಾಬರ್ಟ್ ಕ್ರೇನ್ ಪ್ರತಿಪಾದಿಸಿದರು. (ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಗುಟ್ಟು ಇರುವುದೇ ಅಲ್ಲಿ.) ಅದೇ ವರ್ಷ ಢಾಕಾದಲ್ಲಿ ವಿದೇಶಿ ನೆರವಿನಿಂದ ಕಾಲರಾ ಸಂಶೋಧನಾಲಯ ಆರಂಭವಾಯಿತು. 1968ರಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಹಾಗೂ ಅವರ ಬಂಗಾಳಿ ಸಹೋದ್ಯೋಗಿಗಳು, ಕುಡಿಸುವ ದ್ರಾವಣದಿಂದ ಡ್ರಿಪ್‌ನ ಅಗತ್ಯ ಶೇಕಡ 80ರಷ್ಟು ತಗ್ಗುತ್ತದೆಂದು ಲೆಕ್ಕವಿಟ್ಟು ತೋರಿಸಿದರು.

ನಿಜವಾದ ಪರೀಕ್ಷೆ 1971ರಲ್ಲಿ, ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ. ರೋಗಿಗಳು ನೆಲದ ಮೇಲೆ ಮಲಗಿದ್ದರು, ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲೂಕೋಸ್‌ಗಳ ಪುಡಿಯನ್ನು ಕಲ್ಕತ್ತೆಯಲ್ಲಿ ಪೊಟ್ಟಣ ಕಟ್ಟಿಸಿ ತಂದು, ಡ್ರಮ್ಮುಗಳಲ್ಲಿ ಕದಡಿ, ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ವಹಿಸಿದರು. ಸುಮಾರು ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ 3.6ಕ್ಕೆ ಇಳಿಯಿತು. ಪದ್ಮವಿಭೂಷಣ ಬಂದದ್ದು 2023ರಲ್ಲಿ; ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಇಂಥ ವಿಳಂಬದಲ್ಲಿ ನಾವು ಭಾರತೀಯರು ನಿಸ್ಸೀಮರು!

1980ರಿಂದ 1990ರವರೆಗೆ ಬಾಂಗ್ಲಾದೇಶದ ‘ಬ್ರ್ಯಾಕ್’ ಸಂಸ್ಥೆಯ ಮಹಿಳೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಪಾಠ ಹೇಳಿಕೊಟ್ಟರು. ತಾಯಂದಿರು ಪಾಠವನ್ನು ಎಷ್ಟು ನೆನಪಿಟ್ಟುಕೊಂಡರೋ ಅದರ ಮೇಲೆ ಕಾರ್ಯಕರ್ತೆಯರ ಸಂಬಳ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಈ ನಿಯಮವಿದ್ದಿದ್ದರೆ ಎಷ್ಟು ಪ್ರಾಧ್ಯಾಪಕರು ಉಪವಾಸ ಬೀಳುತ್ತಿದ್ದರೋ!

ಢಾಕಾದ ಸಂಶೋಧನಾಲಯ 1978ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾಯಿತು. ಅದರ ಮತ್ಲಬ್ ಕ್ಷೇತ್ರಕೇಂದ್ರದಲ್ಲಿ 1966ರಿಂದ ಹುಟ್ಟು, ಸಾವು, ವಲಸೆಗಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುತ್ತ ಬಂದಿದ್ದಾರೆ. ಮೊದಲು ಕೈಬರಹದ ಪುಸ್ತಕ, ಆಮೇಲೆ ಕಂಪ್ಯೂಟರು. ಲಸಿಕೆಯೊಂದು ಹಳ್ಳಿಯಲ್ಲಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಇಂಥ ದಾಖಲೆಯೇ ಆಧಾರ. ವರ್ಷ ತಪ್ಪಿದರೆ ಮತ್ತೆ ತುಂಬಲಾಗದು.

2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ, ಇದೇ ಸಂಸ್ಥೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಯಿತು. ಇಲ್ಲಿ ತೆರಿಗೆ ಕಟ್ಟುವ ನಾವು ಆ ಸುದ್ದಿಯನ್ನು ಓದಿದೆವು. ನಮ್ಮ ಎಂ.ಬಿ.ಬಿ.ಎಸ್. ದಿನಗಳಲ್ಲಿ ಮಕ್ಕಳ ವಾರ್ಡಿನಲ್ಲಿ ಕದಡಿ ಕೊಟ್ಟ ಪ್ರತಿಯೊಂದು ಪೊಟ್ಟಣದ ಅಳತೆಯ ಹಿಂದೆ ಅಲ್ಲಿನವರ ಲೆಕ್ಕವಿತ್ತು.