ಇಪ್ಪತ್ತೆಂಟರ ಆಟ: ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು?

ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚಿ ಮುಗಿದ ಮೇಲೆ ಚಪ್ಪರದ ಮೂಲೆಯಲ್ಲಿ, ಮಳೆಗಾಲದ ಮಧ್ಯಾಹ್ನ ಕ್ಲಬ್ಬಿನ ಜಗಲಿಯಲ್ಲಿ ನಾಲ್ವರು ಕೂತರೆಂದರೆ ಎಲೆ ಹಂಚಲು ಹೆಚ್ಚು ಹೊತ್ತು ಬೇಡ. ಮಧೂರು, ಕೂಡ್ಲು, ಪಟ್ಲ, ಉಳಿಯತ್ತಡ್ಕದ ಕಡೆಯವರಿಗೆ ಇಪ್ಪತ್ತೆಂಟರ ಆಟವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮಲಯಾಳದಲ್ಲಿ ಇರುಪತ್ತೆಟ್ಟ್, ಕನ್ನಡದಲ್ಲಿ ಇಪ್ಪತ್ತೆಂಟು. ಹೆಸರು ಎರಡಾದರೂ ಆಟ ಒಂದೇ. ಆದರೆ ವರ್ಷಗಟ್ಟಲೆ ಆಡಿದವರೂ ಒಂದು ವಿಷಯದಲ್ಲಿ ಎಡವುತ್ತಾರೆ. ಕೆಲವರು ಕೈಯಲ್ಲಿ ಏನಿದ್ದರೂ ಕೂಗುತ್ತಾರೆ, ಇನ್ನು ಕೆಲವರು ಏನಿದ್ದರೂ ಕೂಗುವುದಿಲ್ಲ. ಈ ಎರಡರ ನಡುವಿನ ದಾರಿ ಯಾವುದು ಎಂಬುದೇ ಈ ಲೇಖನದ ವಿಷಯ.

ಆಟದ ಚೌಕಟ್ಟು

ಇಸ್ಪೀಟು, ಆಟೀನು, ಡೈಮನ್ನು, ಕಳಾವರು ಎಂಬ ನಾಲ್ಕು ಬಣ್ಣಗಳಲ್ಲಿ ಏಳರಿಂದ ಎಕ್ಕದವರೆಗಿನ ಎಲೆಗಳನ್ನು ಮಾತ್ರ ಇಟ್ಟುಕೊಂಡರೆ ಒಟ್ಟು 32 ಎಲೆ. ಎಲ್ಲಕ್ಕಿಂತ ದೊಡ್ಡದು ಗುಲಾಮ, ಅದಕ್ಕೆ 3 ಅಂಕ. ನಂತರ ಒಂಬತ್ತು, 2 ಅಂಕ. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ, ರಾಣಿ, ಎಂಟು, ಏಳಕ್ಕೆ ಅಂಕವಿಲ್ಲ. ಒಂದು ಬಣ್ಣಕ್ಕೆ 7 ಅಂಕ, ನಾಲ್ಕು ಬಣ್ಣಕ್ಕೆ 28. ಆಟದ ಹೆಸರು ಬಂದದ್ದು ಹೀಗೆ.

ಎದುರು ಬದುರು ಕೂತವರು ಜೊತೆಗಾರರು. ಮೊದಲು ತಲಾ ನಾಲ್ಕು ಎಲೆ ಹಂಚಿ, ಅಷ್ಟನ್ನೇ ನೋಡಿ ಕೂಗಬೇಕು. ಕೂಗು 14ರಿಂದ ಶುರು. ಹೆಚ್ಚು ಕೂಗಿದವನು ತುರುಪು ಆರಿಸಿ ಒಂದು ಎಲೆಯನ್ನು ಮುಚ್ಚಿ ಇಡುತ್ತಾನೆ. ಆಮೇಲೆ ಇನ್ನೂ ನಾಲ್ಕು ಎಲೆ ಹಂಚುತ್ತಾರೆ. ಕೇಳಿದ ಬಣ್ಣ ಕೈಯಲ್ಲಿಲ್ಲದವನು ತುರುಪು ತೆರೆಯಲು ಹೇಳುವ ತನಕ ಅದು ಗುಟ್ಟು.

ಗುಲಾಮನನ್ನೂ ಒಂಬತ್ತನ್ನೂ ಮೇಲೇರಿಸುವ ಈ ಕ್ರಮ ಬೇರೆಡೆಯೂ ಇದೆ. ಹಾಲೆಂಡಿನ ಕ್ಲಾವರ್‌ಯಾಸ್ ಆಟದಲ್ಲಿ ತುರುಪಿನ ಬಣ್ಣಕ್ಕೆ ಇದೇ ಕ್ರಮ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಭಾರತೀಯ ಮೂಲದವರು ಆಡುವ ತುನಿ ಎಂಬ ಆಟವೂ ಇದರ ದಾಯಾದಿಯೇ.

ಕೂಗಿನ ಲೆಕ್ಕ

ಅಂಕ ಬರೆಯುವ ಕ್ರಮ ಊರಿಂದೂರಿಗೆ ಬೇರೆ. ಒಂದು ರೂಢಿಯ ಪ್ರಕಾರ 20ಕ್ಕಿಂತ ಕಡಿಮೆ ಕೂಗಿ ಗೆದ್ದರೆ 1, ಸೋತರೆ 2 ಕಳೆಯಬೇಕು. 20 ಅಥವಾ ಹೆಚ್ಚು ಕೂಗಿದರೆ ಗೆಲುವಿಗೆ 2, ಸೋಲಿಗೆ 3. ಈ ಲೆಕ್ಕದಲ್ಲಿ ಸಣ್ಣ ಕೂಗನ್ನು ಮೂರು ಸಲ ಕೂಗಿ ಎರಡು ಸಲ ಗೆದ್ದರೆ ಮಾತ್ರ ಲೆಕ್ಕ ಸಮ. ದೊಡ್ಡ ಕೂಗಾದರೆ ಐದರಲ್ಲಿ ಮೂರು ಗೆಲ್ಲಬೇಕು. ಅರ್ಧಕ್ಕರ್ಧ ಗೆಲ್ಲುತ್ತೇನೆ, ಸಾಕಲ್ಲ ಎಂದು ಕೂಗುವವನು ನಿಧಾನವಾಗಿ ಸೋಲುತ್ತಿರುತ್ತಾನೆ. ಎದುರಾಳಿಯ ಸೋಲು ನಮಗೆ ಲಾಭವಾದ್ದರಿಂದ ಸುಮ್ಮನಿರುವುದಕ್ಕೂ ಬೆಲೆ ಇದೆ.

ಇನ್ನೊಂದು ಲೆಕ್ಕ ನೋಡಿ. ಮೊದಲ ನಾಲ್ಕು ಎಲೆಯಲ್ಲಿ ಒಂದೂ ಗುಲಾಮ ಇಲ್ಲದಿರುವ ಸಂಭವ ನೂರಕ್ಕೆ ಸುಮಾರು 57. ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ಕೈ ಸಾಧಾರಣವೇ. ನಿಮ್ಮಲ್ಲಿ ಇಸ್ಪೀಟು ಗುಲಾಮ ಇದೆ, ಒಂಬತ್ತು ಇಲ್ಲ ಎಂದುಕೊಳ್ಳಿ. ನೀವು ಕಾಣದ 28 ಎಲೆಗಳಲ್ಲಿ 4 ನಿಮಗೇ ಬರಲಿವೆ, 8 ಜೊತೆಗಾರನಿಗೆ, 16 ಎದುರಾಳಿಗಳಿಗೆ. ಒಂಬತ್ತು ನಿಮ್ಮ ಕಡೆ ಬೀಳುವ ಸಂಭವ ಏಳರಲ್ಲಿ ಮೂರು, ಆ ಕಡೆ ಬೀಳುವುದು ಏಳರಲ್ಲಿ ನಾಲ್ಕು. “ಉಳಿದದ್ದು ಬಂದೀತು” ಎಂಬ ನಂಬಿಕೆಗಿಂತ ಈ ಲೆಕ್ಕ ಗಟ್ಟಿ.

ಮೂರು ಕೈಗಳು

ಒಂದು: ಇಸ್ಪೀಟು ಗುಲಾಮ, ಒಂಬತ್ತು, ಎಕ್ಕ, ಜೊತೆಗೆ ಬೇರೆ ಬಣ್ಣದ ಒಂದು ಏಳು. ಇದು ಕೂಗುವ ಕೈ. 16, 17ಕ್ಕೆ ಧೈರ್ಯವಾಗಿ ಹೋಗಬಹುದು. ಇಂಥ ಕೈಯಲ್ಲಿ ಹಿಂಜರಿದರೆ ಬಂದ ಭಾಗ್ಯ ಬಾಗಿಲಿಂದ ಹಿಂದೆ ಹೋದಂತೆ.

ಎರಡು: ಇಸ್ಪೀಟು ಗುಲಾಮ, ಆಟೀನು ಎಕ್ಕ, ಡೈಮನ್ನು ರಾಜ, ಕಳಾವರು ಏಳು. ನಾಲ್ಕು ಬಣ್ಣಕ್ಕೆ ಒಂದೊಂದು ಎಲೆ. ಮೊದಲ ಸರದಿ ನಿಮ್ಮದಾಗಿ 14 ಕೂಗಲೇಬೇಕಾದರೆ ಕೂಗಿ. ಇಲ್ಲದಿದ್ದರೆ ಬಿಡಿ.

ಮೂರು: ಬೇರೆ ಬೇರೆ ಬಣ್ಣದ ಮೂರು ಗುಲಾಮರು, ಒಂದು ಏಳು. ಕೈಯಲ್ಲೇ 9 ಅಂಕ. ಹೆಚ್ಚಿನವರು ಇದನ್ನು ಕಂಡು ಹಾರುತ್ತಾರೆ. ಆದರೆ ಯಾವ ಬಣ್ಣವನ್ನು ತುರುಪು ಮಾಡಿದರೂ ಸದ್ಯಕ್ಕೆ ಅದರ ಒಂದೆರಡು ಎಲೆಯಷ್ಟೇ ನಿಮ್ಮಲ್ಲಿರುವುದು. ಎದುರಾಳಿ ಕೂಗಲಿ, ನೀವು ಕಾದಿರಿ. ತುರುಪು ಮುಚ್ಚಿರುವಾಗಲೇ, ಎಲ್ಲರಲ್ಲೂ ಆ ಬಣ್ಣ ಇರುವಾಗಲೇ ಗುಲಾಮರನ್ನು ಒಬ್ಬೊಬ್ಬರಾಗಿ ಇಳಿಸಿ ಪಟ್ಟು ಎತ್ತಿಕೊಳ್ಳಿ. 20 ಕೂಗಿದವನು ಬಿಟ್ಟುಕೊಡಬಹುದಾದದ್ದು 8 ಅಂಕ ಮಾತ್ರ. ಮೂರು ಗುಲಾಮರು ಕ್ಷೇಮವಾಗಿ ದಾಟಿದರೆ ಅವನ ಕತೆ ಅಲ್ಲಿಗೇ ಮುಗಿಯಿತು.

ಆಟದ ನಡುವೆ

ತಾಳ್ಮೆ, ಧೈರ್ಯಗಳ ಪ್ರಶ್ನೆ ಕೂಗಿನೊಂದಿಗೆ ಮುಗಿಯುವುದಿಲ್ಲ. ಕೇಳಿದ ಬಣ್ಣ ನಿಮ್ಮಲ್ಲಿಲ್ಲದಾಗ ತುರುಪು ತೆರೆಸಲೂಬಹುದು, ಬೇರೊಂದು ಎಲೆ ಹಾಕಿ ಸುಮ್ಮನಿರಲೂಬಹುದು. ಪಟ್ಟಿನಲ್ಲಿ ಅಂಕವೇ ಇಲ್ಲದಿದ್ದರೆ ತೆರೆಸಿ ಪ್ರಯೋಜನವಿಲ್ಲ. ಜೊತೆಗಾರನೇ ಗೆಲ್ಲುತ್ತಿದ್ದರೆ ಒಂದು ಹತ್ತನ್ನೋ ಎಕ್ಕವನ್ನೋ ಅವನಿಗೆ ಕೊಡಿ. ಎದುರಾಳಿಯ ಗುಲಾಮ, ಒಂಬತ್ತು ಒಟ್ಟಿಗೆ ಬಿದ್ದ ಪಟ್ಟಾದರೆ ಹಿಂದೆ ಮುಂದೆ ನೋಡದೆ ತೆರೆಸಿ.

ತುರುಪಿನ ರಾಜ ರಾಣಿ ಒಂದೇ ಕೈಯಲ್ಲಿದ್ದರೆ ಕೂಗಿದ ಸಂಖ್ಯೆಯಲ್ಲಿ 4 ಇಳಿಸುವ, ಎದುರಾಳಿಯಲ್ಲಿದ್ದರೆ 4 ಏರಿಸುವ ಕ್ರಮ ಹಲವೆಡೆ ಇದೆ. ಇದನ್ನೂ, ಜೊತೆಗಾರನ ಕೂಗಿನ ಮೇಲೆ ಕೂಗಲು 20ಕ್ಕೆ ಹೋಗಬೇಕೇ ಎಂಬುದನ್ನೂ ಎಲೆ ಹಂಚುವ ಮೊದಲೇ ಮಾತಾಡಿಕೊಳ್ಳಬೇಕು. ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ.

ಪೋಕರ್‌ಗೂ ಇದಕ್ಕೂ ವ್ಯತ್ಯಾಸ

ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಬಂದ ಹುಡುಗರು ಪೋಕರ್ ಹೆಸರು ಹೇಳುತ್ತಾರೆ. ಅಲ್ಲೂ ಇದೇ ಪ್ರಶ್ನೆ: ಏರಿಸುವುದೋ, ತಾಳುವುದೋ? ಆದರೆ ಪೋಕರ್‌ನಲ್ಲಿ ಹೆದರಿದವನು ಎಲೆ ಮಡಚಬಹುದು. ಆದ್ದರಿಂದ ಬರಿಗೈಯಲ್ಲೂ ಬೆದರಿಸಿ ಗೆಲ್ಲಲು ಬರುತ್ತದೆ. ಅದೂ ಸಣ್ಣ ಪಂದ್ಯದಲ್ಲಿ ಕಷ್ಟ, ಏಕೆಂದರೆ ಕಡಿಮೆ ಹಣಕ್ಕೆ ಯಾರೂ ಹೆದರುವುದಿಲ್ಲ, ಎಲ್ಲರೂ ಕೊನೆಯವರೆಗೆ ನೋಡಿಯೇ ಬಿಡುತ್ತಾರೆ. ಒಳ್ಳೆಯ ಕೈ ಬಂದಾಗ ಏರಿಸುವುದು, ಇಲ್ಲದಾಗ ಬೇಗ ಬಿಡುವುದು ಅಲ್ಲಿ ಲೇಸು. ಇಪ್ಪತ್ತೆಂಟರಲ್ಲಂತೂ ಮಡಚುವ ದಾರಿಯೇ ಇಲ್ಲ. ಕೂಗಿದ್ದನ್ನು ಎಂಟು ಪಟ್ಟುಗಳಲ್ಲಿ ತೋರಿಸಲೇಬೇಕು. ನಿಮ್ಮ ಸುಳ್ಳು ಕೂಗಿಗೆ ಮೊದಲು ಮೋಸ ಹೋಗುವವನು ಎದುರಾಳಿಯಲ್ಲ, ನಿಮ್ಮನ್ನು ನಂಬಿದ ಜೊತೆಗಾರ.

ಪಣ ಯಾವುದು?

ಕೇರಳದ ಕಟ್ಟೆಗಳಲ್ಲಿ ಇದಕ್ಕೆ ಹಳೆಯ ಪಣವೊಂದಿದೆ. ಸೋತವರು ಕಿವಿಗೆ ಕುಣುಕ್ಕ್ ಹಾಕಿಕೊಳ್ಳಬೇಕು. ಎಲೆಯದೋ ಕಾಗದದ್ದೋ ಓಲೆ ತೂಗಿಸಿಕೊಂಡು, ಗೆದ್ದು ಕಳಚುವ ತನಕ ಎಲ್ಲರ ನಗೆಗೆ ಗುರಿಯಾಗಿ ಕೂರಬೇಕು. ಒಂದು ಪೈಸೆ ಕೈ ಬದಲಾಗುವುದಿಲ್ಲ, ಮಾನ ಮಾತ್ರ ಸ್ವಲ್ಪ ಅಲುಗುತ್ತದೆ.

ಹಣ ಕಟ್ಟಿದರೆ ಮಾತು ಬೇರೆ. ಕೇರಳದಲ್ಲಿ 1960ರ ಗೇಮಿಂಗ್ ಕಾಯ್ದೆ, ಗಡಿಯಾಚೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿಗೆ ಅನ್ವಯಿಸುತ್ತವೆ. ತಲಪಾಡಿ ದಾಟಿದರೆ ಕಾನೂನು ತಪ್ಪಿತು ಎಂಬುದು ಭ್ರಮೆ. ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ್ದು ನಿಜ. ಆದರೆ ಅದು ಎಲ್ಲ ಎಲೆಯಾಟಗಳಿಗೆ ಕೊಟ್ಟ ರಹದಾರಿಯಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ಹಣ ಬಂದಲ್ಲಿ ಆಟದ ಸಮತೋಲವೂ ಕೆಡುತ್ತದೆ. ಸೋತ ನೂರು ರೂಪಾಯಿ ಹಿಂದೆ ಬರಬೇಕೆಂಬ ಆತುರದಲ್ಲಿ 15ರ ಕೈಗೆ 20 ಕೂಗುವವರೇ ಹೆಚ್ಚು. ಕೂಗುವ ಮೊದಲು ಎಲೆ ನೋಡಬೇಕು, ಕಳೆದುಕೊಂಡದ್ದನ್ನಲ್ಲ. ಕುಣುಕ್ಕ್ ಹಾಕಿಕೊಂಡವನು ನಗುತ್ತಾ ಮನೆಗೆ ಹೋಗುತ್ತಾನೆ. ಕಿಸೆ ಖಾಲಿ ಮಾಡಿಕೊಂಡವನಿಗೆ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.