ಸಾಲ ಯಾರಿಗೆ ಕೊಡಬೇಕು? ಒಂದು ಹಳೇ ಪ್ರಶ್ನೆಯ ಇತಿಹಾಸ

ಆಡಳಿತ ಮಂಡಳಿ ಸಭೆಯಲ್ಲಿ ಪ್ರತಿ ಸಲ ಬರುವ ಪ್ರಶ್ನೆ ಒಂದೇ. ಈ ಅರ್ಜಿಗೆ ಸಾಲ ಮಂಜೂರು ಮಾಡೋಣವೋ, ಬೇಡವೋ? ಇದು ನಮಗಿಂತ ಹಿಂದಿನವರನ್ನೂ ಕಾಡಿದ ಪ್ರಶ್ನೆ.

ಸಾಹುಕಾರರ ಕಾಲದಲ್ಲಿ ಅರ್ಜಿ ಫಾರಂ ಇರಲಿಲ್ಲ. ಯಾರ ಹೊಲ ಎಷ್ಟು, ಯಾರ ಮನೆಯಲ್ಲಿ ಮದುವೆ ಬಂತು, ಎಲ್ಲ ಅವರಿಗೆ ಬಾಯಿಪಾಠ. ಬೆಳೆ ಬಂದರೆ ಬಡ್ಡಿ, ಬರದಿದ್ದರೆ ಹೊಲ. ಎರಡೂ ಕಡೆ ಲಾಭವೇ, ಹಾಗಾಗಿ ಇಲ್ಲ ಅನ್ನುವುದು ಕಡಿಮೆ! ಇದು ಸಹಿಸದೆ 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಆಮೇಲೆ ಸರಕಾರ 1883 ಮತ್ತು 1884ರ ಕಾಯ್ದೆಗಳಿಂದ ತಗಾವಿ ಸಾಲ ಕೊಟ್ಟಿತು. ಆದರೆ ಅದನ್ನು ತೀರ್ಮಾನಿಸುವವರು ಕಂದಾಯ ಇಲಾಖೆಯವರು, ಊರಿನವರಲ್ಲ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲನೆಯ ಕೃಷಿ ಪತ್ತಿನ ಸಂಘ ನಮ್ಮ ಕನ್ನಡ ನಾಡಿನದು ಎಂಬುದು ನಮಗೆಲ್ಲ ಹೆಮ್ಮೆ. ಜರ್ಮನಿಯ ರೈಫೈಸನ್ ಎಂಬ ಮಹನೀಯರ ಪದ್ಧತಿಯೇ ಆ ಕಾಯ್ದೆಗೆ ಮಾದರಿ. ಹಳ್ಳಿಯ ಸಂಘಗಳಿಗೆ ಹೊಣೆ ಅಪರಿಮಿತ. ಅಂದ್ರೆ ಒಬ್ಬ ಮುಳುಗಿಸಿದರೆ ಉಳಿದವರ ಮನೆಮಾರಿಗೂ ಅದು ತಟ್ಟಬಹುದು. ಹಾಗಿದ್ದ ಮೇಲೆ ಸಾಲ ಕೇಳುವವನ ನಡತೆ, ದುಡಿಮೆ, ಸಾಲ ಯಾತಕ್ಕೆ ಎಂಬುದನ್ನು ನೆರೆಯವರು ನೋಡದೆ ಇರುತ್ತಾರೆಯೇ? ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಜಾಮೀನಿಲ್ಲ. ಆದರೆ ಊರಿನವರು ಆರಿಸುವಾಗ ಊರಿನ ಮುಲಾಜು, ಜಾತಿ, ಪಾರ್ಟಿಯೂ ಸಭೆಗೆ ಬಂದು ಕೂರುತ್ತವೆ. ಅದನ್ನೂ ಮುಚ್ಚಿಡಬಾರದು.

ಬರುಬರುತ್ತಾ ಜಮೀನಿನ ಕಾಗದವೇ ಮುಖ್ಯವಾಯಿತು. 1951-52ರಲ್ಲಿ ನಡೆದು 1954ರಲ್ಲಿ ವರದಿ ಬಂದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆ ಎಲ್ಲರ ಕಣ್ಣು ತೆರೆಸಿತು. ರೈತರು ಮಾಡಿದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3.1 ಮಾತ್ರ, ಲೇವಾದೇವಿಯವರದು ಸುಮಾರು 70! ಸಂಘಗಳು ಭೂಮಿಯ ಆಸ್ತಿ ನೋಡಿ ಕೊಡುತ್ತವೆ, ಬರುವ ಬೆಳೆ ನೋಡಿ ಕೊಡಬೇಕು ಎಂದು ಆ ವರದಿ ಹೇಳಿತು. ಅಲ್ಲಿಂದ ಬೆಳೆ ಸಾಲ ಪದ್ಧತಿ ಬಲವಾಯಿತು. ಇಂದಿಗೂ ಯಾವ ಬೆಳೆಗೆ ಎಕರೆಗೆ ಎಷ್ಟು ಎಂದು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ದರ ನಿಗದಿ ಮಾಡುತ್ತದೆ. ನಾವು ಪಹಣಿ, ಬೆಳೆ, ಹಿಂದಿನ ಬಾಕಿ, ಷೇರು ಹಣ ನೋಡಿ ಲೆಕ್ಕ ಹಾಕುತ್ತೇವೆ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, 1982ರಲ್ಲಿ ನಬಾರ್ಡ್, 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂದವು. ಈಗ ಬ್ಯಾಂಕುಗಳು ಸಿಬಿಲ್ ಅಂಕವನ್ನೂ ನೋಡುತ್ತವೆ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಅಡಮಾನ ಬೇಡವೆಂದರೂ ಪಹಣಿ ಬೇಕೇ ಬೇಕು. ಲಾವಣಿಗೆ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ ಲಕ್ಷಾಂತರ ಗೇಣಿದಾರರಿಗೆ ಭೂಮಿ ಸಿಕ್ಕಿತು, ಒಳ್ಳೆಯದಾಯಿತು. ಆದರೆ ಇಂದಿನ ಲಾವಣಿ ಎಲ್ಲ ಬಾಯಿಮಾತು. ಬೀಜ ಗೊಬ್ಬರ ಹಾಕುವವನು ಒಬ್ಬ, ಬೆಳೆ ಸಾಲ ಹುಟ್ಟುವುದು ಪಟ್ಟಣದಲ್ಲಿರುವ ಇನ್ನೊಬ್ಬನ ಹೆಸರಿಗೆ. ದುಡಿಯುವವನು ಮತ್ತೆ ಕೈಗಡಕ್ಕೆ ಹೋಗುತ್ತಾನೆ. ಅಂಥವರಿಗೆ ಜಂಟಿ ಹೊಣೆಗಾರಿಕೆ ಗುಂಪು ಮಾಡಿ ಸಾಲ ಕೊಡುವ ದಾರಿ ನಬಾರ್ಡ್‌ನಲ್ಲಿದೆ. ನಾಲ್ಕೈದು ಜನ ಒಬ್ಬರಿಗೊಬ್ಬರು ಹೊಣೆ, ಕಣಗಿನಹಾಳದವರ ಹಾಗೆಯೇ. ನಮ್ಮೂರಿನಲ್ಲಿ ಇಂಥ ಗುಂಪು ಕಟ್ಟುವ ವಿಷಯವನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ಇಡಬೇಕೆಂದಿದ್ದೇನೆ. ಲಾವಣಿ ಮಾಡುವವರೂ ಆ ದಿನ ತಪ್ಪದೆ ಬರಬೇಕು.