ಆರಿಸುವವರು ಮತ್ತು ಆಯ್ಕೆಯಾದವರು

ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಹೋರಿ ಕೊಳ್ಳಲು ಬಂದ ರೈತ ಮೊದಲು ಅದರ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ, ಗೊರಸು, ನಡಿಗೆ. ಬೆಲೆ ಕುದುರಿದರೆ ಹಗ್ಗ ಕೈ ಬದಲಾಯಿಸುತ್ತದೆ. ಹೋರಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಆದರೆ ಪರೀಕ್ಷೆಗೆ ನಿಂತಿರುವುದು ಕಾಲೇಜಿನಲ್ಲಿ ಓದುತ್ತಿರುವ ತರುಣನಾದರೆ? ಆಟಗಾರರ ಆಯ್ಕೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆರಿಸಿದವರ ಕಡೆಯಿಂದ ಹೇಳುತ್ತೇವೆ. ಅವರ ಕಣ್ಣು ಎಷ್ಟು ಚುರುಕು, ಅವರು ಎಲ್ಲಿ ತಪ್ಪಿದರು ಎಂದು ಚರ್ಚಿಸುತ್ತೇವೆ. ಆಯ್ಕೆಯಾದವನ ಕಡೆಯಿಂದಲೂ ಅದನ್ನೊಮ್ಮೆ ನೋಡುವುದು ನ್ಯಾಯವೆಂದು ತೋರುತ್ತದೆ.

ಇಂಥ ಆಯ್ಕೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ ದೇಶ ಅಮೆರಿಕ. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿರಿಸಿಕೊಂಡು ಎದುರಾಳಿಗಳ ಗೋಡೆಯನ್ನು ಭೇದಿಸಿ ನುಗ್ಗುವ ಆಟ. ಅದರ ತವರುಮನೆ ಅಲ್ಲಿನ ವಿಶ್ವವಿದ್ಯಾನಿಲಯಗಳು. ಹಣವಿದ್ದ ವೃತ್ತಿತಂಡಗಳು ಒಳ್ಳೆಯ ವಿದ್ಯಾರ್ಥಿ ಆಟಗಾರರನ್ನೆಲ್ಲ ಸೆಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ 1935ರಲ್ಲಿ ಒಂದು ಉಪಾಯವನ್ನು ಮುಂದಿಟ್ಟ. ವಿದ್ಯಾರ್ಥಿಗಳನ್ನು ಸರದಿಯ ಪ್ರಕಾರ ಆರಿಸಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಆ ವರ್ಷ ಕೊನೆಯ ಸ್ಥಾನದಲ್ಲಿದ್ದದ್ದು ಬೆಲ್‌ನ ತಂಡವೇ ಎಂಬುದನ್ನೂ ಮರೆಯಬೇಕಾಗಿಲ್ಲ. ‘ಡ್ರಾಫ್ಟ್’ ಎಂದು ಹೆಸರಾದ ಈ ಪದ್ಧತಿ ತಂಡಗಳ ನಡುವೆ ಸಮಾನತೆಯನ್ನು ತಂದಿತು, ನಿಜ. ಆದರೆ ಒಂದು ತಂಡ ಹೆಸರು ಕೂಗಿದ ಮೇಲೆ ಆ ತರುಣ ಬೇರೆ ತಂಡದೊಡನೆ ವ್ಯವಹರಿಸುವಂತಿರಲಿಲ್ಲ. ಒಡೆಯರ ನಡುವಣ ಸಮಾನತೆಗೆ ಬೆಲೆ ತೆತ್ತವನು ಆಟಗಾರ.

1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ 9 ತಂಡಗಳು 81 ತರುಣರನ್ನು ಆರಿಸಿಕೊಂಡವು. ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರನದು. ಅವನು ವೃತ್ತಿತಂಡಕ್ಕಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವನು ಕೇಳಿದ ಸಂಬಳವನ್ನು ಬೆಲ್ ಕೊಡಲಾರದೆ ಹಕ್ಕನ್ನು ಷಿಕಾಗೋ ತಂಡಕ್ಕೆ ದಾಟಿಸಿದ. ಅಲ್ಲಿಯೂ ಮಾತು ಕೂಡಿಬರಲಿಲ್ಲ. ಬರ್ವಾಂಗರ್ ಫೋಮ್ ರಬ್ಬರ್ ಮಾರುವ ಉದ್ಯೋಗ ಹಿಡಿದು, ಮುಂದೆ ತನ್ನದೇ ಕಾರ್ಖಾನೆ ಕಟ್ಟಿದ. ಆ ವರ್ಷ ಆಯ್ಕೆಯಾದ 81 ಮಂದಿಯಲ್ಲಿ ವೃತ್ತಿತಂಡಗಳಿಗೆ ಹೋದವರು 24 ಮಂದಿ ಮಾತ್ರ. ಉಳಿದವರ ಕೈಯಲ್ಲಿ ಬೇರೊಂದು ದಾರಿಯಿತ್ತು. ಅದನ್ನು ಅವರಿಗೆ ಕೊಟ್ಟದ್ದು ಕಾಲೇಜು.

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯಗಳ ನಡುವಣ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಪಂದ್ಯಾವಳಿ ಆರಂಭವಾದದ್ದೂ 1935-36ರಲ್ಲಿಯೇ. ಇಲ್ಲಿ ಡ್ರಾಫ್ಟ್ ಇರಲಿಲ್ಲ. ಹುಟ್ಟಿದ ಸಂಸ್ಥಾನವೇ ಬಹುಮಟ್ಟಿಗೆ ತಂಡವನ್ನು ನಿಶ್ಚಯಿಸುತ್ತಿತ್ತು. ಆಯ್ಕೆ ಸಮಿತಿಯ ಕೆಲವರು ಮೈದಾನದ ಅಂಚಿನಲ್ಲಿ ಕುಳಿತು ನೋಡಿ ಹೆಸರು ಬರೆದುಕೊಳ್ಳುತ್ತಿದ್ದರು. ಆಟದಿಂದ ಬದುಕು ಸಾಗೀತೆಂಬ ಭರವಸೆಯೂ ಆಗ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಪದವಿಗೂ ಆಟಕ್ಕೂ ತಿಕ್ಕಾಟ ಬಂದಾಗ ಅದು ಮನೆಯ ಜಗಲಿಯಲ್ಲಿ ತೀರ್ಮಾನವಾಗುತ್ತಿತ್ತು.

ಇದಕ್ಕೆ ಮೈಸೂರಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಇ.ಎ.ಎಸ್. ಪ್ರಸನ್ನ ಅವರು ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನ ವಿದ್ಯಾರ್ಥಿ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಮೊದಲ ಟೆಸ್ಟ್ ಆಡಿದರು. ಹಿಂದೆಯೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಆಯ್ಕೆಯಾದರು. ತಂದೆ ಒಪ್ಪಿದ್ದು, ಹಿಂದಿರುಗಿದ ಮೇಲೆ ಎಂಜಿನಿಯರಿಂಗ್ ಮುಗಿಸಬೇಕೆಂಬ ಕಟ್ಟಳೆಯ ಮೇಲೆ. ಭಾರತ ಐದು ಟೆಸ್ಟುಗಳನ್ನೂ ಸೋತು ಬಂತು. ಪ್ರಸನ್ನ ಪುಸ್ತಕಗಳಿಗೆ ಮರಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಆಫ್ ಸ್ಪಿನ್ನರನ ಬಾಳಿನಲ್ಲಿ ಐದು ವರ್ಷ ಚಿಕ್ಕ ನಷ್ಟವಲ್ಲ. ಆದರೂ ಅವರು 20ನೆಯ ಟೆಸ್ಟಿನಲ್ಲಿಯೇ ನೂರು ವಿಕೆಟ್ ಪೂರೈಸಿದರು. ಅಷ್ಟು ಬೇಗ ಆ ಗಡಿ ಮುಟ್ಟಿದ ಭಾರತೀಯ 2013ರಲ್ಲಿ ಆರ್. ಅಶ್ವಿನ್ ಬರುವವರೆಗೆ ಬೇರೊಬ್ಬನಿರಲಿಲ್ಲ. ತಂದೆಯ ಕಟ್ಟಳೆ ಕ್ರಿಕೆಟ್ಟಿಗೆ ಕೇಡು ಮಾಡಿತೆ? ಕೆಲವು ವಿಕೆಟ್ಟುಗಳನ್ನು ಕಳೆದಿರಬಹುದು. ಆದರೆ ಬದುಕು ಒಂದೇ ಕಂಬದ ಮೇಲೆ ನಿಲ್ಲದಂತೆ ನೋಡಿಕೊಂಡಿತು.

ಆರಿಸುವವರ ಕಣ್ಣನ್ನೇ ಪೂರ್ತಿ ನಂಬುವುದು ಎಷ್ಟು ಕಷ್ಟವೆಂಬುದಕ್ಕೂ ನಿದರ್ಶನಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ 1982ರಿಂದೀಚೆಗೆ ಕಾಲೇಜು ತರುಣರನ್ನು ಒಂದೆಡೆ ಸೇರಿಸಿ 40 ಗಜದ ಓಟಕ್ಕೆ ಗಡಿಯಾರ ಹಿಡಿಯುತ್ತಾರೆ, 225 ಪೌಂಡಿನ ಭಾರ ಎತ್ತಿಸುತ್ತಾರೆ. ಇಷ್ಟು ಅಳೆದೂ, 2000ದಲ್ಲಿ ಟಾಮ್ ಬ್ರೇಡಿಯ ಹೆಸರು ಬಂದದ್ದು 198 ಮಂದಿಯ ನಂತರ. ಏಳು ಸಲ ಪರಮ ಪ್ರಶಸ್ತಿ ಗೆದ್ದ ಆಟಗಾರ ಅವನು. ನಮ್ಮ ಬಿ.ಎಸ್. ಚಂದ್ರಶೇಖರ್ ಹುಟ್ಟಿದ್ದು ಮೈಸೂರಿನಲ್ಲಿ. ಬಾಲ್ಯದ ಪೋಲಿಯೋದಿಂದ ಅವರ ಬಲಗೈ ಸೊರಗಿತ್ತು. ಫೀಲ್ಡಿಂಗಿನಲ್ಲಿ ಚೆಂಡೆಸೆಯಲು ಎಡಗೈಯನ್ನೇ ನೆಚ್ಚಬೇಕಾಗಿತ್ತು. ಆ ಕೃಶವಾದ ಬಲಗೈಯನ್ನು ನೋಡದೆ, ಅದರಿಂದ ಹೊರಟ ಚೆಂಡನ್ನು ನೋಡಿದವರು 1964ರಲ್ಲಿ 18ರ ತರುಣನನ್ನು ಟೆಸ್ಟಿಗೆ ಆರಿಸಿದರು. 1971ರಲ್ಲಿ ಓವಲ್ ಮೈದಾನದಲ್ಲಿ ಅದೇ ಕೈ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಜಯದ ಹಾದಿ ತೆರೆಯಿತು. ಹಲ್ಲು, ಸುಳಿ ನೋಡುವ ಪರೀಕ್ಷೆಯಲ್ಲಿ ಚಂದ್ರಶೇಖರ್ ತೇರ್ಗಡೆಯಾಗುತ್ತಿರಲಿಲ್ಲ.

ಅಮೆರಿಕದ ಪದ್ಧತಿ ಕೊನೆಗೆ ನಮ್ಮ ಕ್ರಿಕೆಟ್ಟಿಗೂ ಬಂತು. 2008ರ ಮಾರ್ಚಿಯಲ್ಲಿ, ಐಪಿಎಲ್‌ನ ಮೊದಲ ವರ್ಷ, 19 ವರ್ಷದೊಳಗಿನವರ ಭಾರತ ತಂಡದ ಆಟಗಾರರನ್ನು ಡ್ರಾಫ್ಟ್ ಮೂಲಕವೇ ಹಂಚಲಾಯಿತು. ದೆಹಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನರನ್ನು ಆರಿಸಿತು. ಕೊಹ್ಲಿ ಬೆಂಗಳೂರಿನ ಪಾಲಾದರು. ಅವರಿಗೆ ಕಾಲೇಜಿನ ಆಸರೆ ಬೇಕಾಗಲಿಲ್ಲ. ಆದರೆ ಒಬ್ಬ ಕೊಹ್ಲಿಯನ್ನು ತೋರಿಸಿ ಸಾವಿರ ಹುಡುಗರಿಗೆ ಪುಸ್ತಕ ಮುಚ್ಚಿಸುವುದು ವಿವೇಕವಲ್ಲ. ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೇ ಆಗಿದ್ದ ಜಾವಗಲ್ ಶ್ರೀನಾಥ್ ರಣಜಿಯ ಮೊದಲ ಪಂದ್ಯದಲ್ಲಿ ಹ್ಯಾಟ್ರಿಕ್ ಪಡೆದು, ಮುಂದೆ 236 ಟೆಸ್ಟ್ ವಿಕೆಟ್ ಗಳಿಸಿದರು. ಓದು ಅವರ ವೇಗವನ್ನು ಕುಂದಿಸಲಿಲ್ಲ.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳ ನಡುವೆ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಕಬಡ್ಡಿಯನ್ನೋ ಕ್ರಿಕೆಟ್ಟನ್ನೋ ಚೆನ್ನಾಗಿ ಆಡುವ ಹುಡುಗರಿದ್ದಾರೆ. ಅವರನ್ನು ಹುಡುಕಿಕೊಂಡು ಆರಿಸುವವರು ಬರಲಿ, ಬರಬೇಕು. ಆದರೆ ಆ ಹುಡುಗ ‘ಆಗಲಿ’ ಎನ್ನುವಷ್ಟೇ ಸಲೀಸಾಗಿ ‘ಈಗ ಬೇಡ’ ಎನ್ನಲೂ ಶಕ್ತನಾಗಿರಬೇಕು. ಬರ್ವಾಂಗರನಿಗೂ ಪ್ರಸನ್ನರಿಗೂ ಆ ಶಕ್ತಿಯನ್ನು ಕೊಟ್ಟದ್ದು ಅವರು ಓದಿದ ಓದು. ಅದಿಲ್ಲದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ.